ಮಾಳಿಗೆಯ ಮೇಲಿನ ಮೈದಾನ

ನಯಾಗರ ಜಲಪಾತ ನ್ಯೂಯಾರ್ಕ್ ರಾಜ್ಯದ ಒಂದು ಸ್ಟೇಟ್ ಪಾರ್ಕು, ಎಂದರೆ ರಾಜ್ಯದ ಉದ್ಯಾನ ಇಲಾಖೆ ನೋಡಿಕೊಳ್ಳುವ ಪಾರ್ಕು. 1885ರಿಂದ ಹಾಗಿದೆ, ಅಮೆರಿಕದ ಸ್ಟೇಟ್ ಪಾರ್ಕುಗಳಲ್ಲೆಲ್ಲ ಹಳೆಯದು ಅದೇ. ಮಗಳು ಅಲ್ಲಿಗೂ ಕರೆದುಕೊಂಡು ಹೋದಳು. ನೋಡಿದೆವು, ನೆನೆದೆವು, ಬಂದೆವು. ಅದರ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಅದೇ ಇಲಾಖೆಯ ಇನ್ನೊಂದು ಬಗೆಯ ಪಾರ್ಕುಗಳನ್ನು ಕುರಿತು. ಅವು ನ್ಯೂಯಾರ್ಕ್ ನಗರದ ಒಳಗೇ ಇವೆ. ಪ್ರವಾಸಿಗರು ಅತ್ತ ಸುಳಿಯುವುದಿಲ್ಲ. ಅಕ್ಕಪಕ್ಕದ ಬೀದಿಗಳ ಜನ ಬೆಳಗಿನಿಂದ ರಾತ್ರಿಯವರೆಗೆ ಅಲ್ಲಿ ಓಡುತ್ತಾರೆ, ಈಜುತ್ತಾರೆ, ಚೆಂಡು ಎಸೆಯುತ್ತಾರೆ, ಕೆಂಡದ ಮೇಲೆ ಜೋಳ ಸುಡುತ್ತಾರೆ, ಜಗಳವಾಡಿ ರಾಜಿಯಾಗುತ್ತಾರೆ.

ನಾನು ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿದ್ದವಳು. ನಮ್ಮ ಯಜಮಾನರು ಬದುಕನ್ನೆಲ್ಲ ಒಳಚರಂಡಿ ಎಂಜಿನಿಯರಾಗಿ ಕಳೆದವರು. ಇಬ್ಬರೂ ಈಗ ನಿವೃತ್ತರು. ಮಗಳು ಓದಿನ ಸಲುವಾಗಿ ಮ್ಯಾನ್‌ಹ್ಯಾಟನ್ನಿನ ಉತ್ತರದಲ್ಲಿ, ಹ್ಯಾಮಿಲ್ಟನ್ ಹೈಟ್ಸ್ ಎಂಬ ಬಡಾವಣೆಯಲ್ಲಿ ಬಾಡಿಗೆಗೆ ಇದ್ದಾಳೆ. ಆಕೆಯ ಮನೆಯಿಂದ ಅತಿ ಹತ್ತಿರದ ಪಾರ್ಕು ನಮ್ಮಿಬ್ಬರ ಕಸುಬುಗಳನ್ನೂ ಒಂದರ ಮೇಲೊಂದು ಪೇರಿಸಿ ಕಟ್ಟಿದಂಥದ್ದು ಎಂದು ಅಲ್ಲಿಗೆ ಹೋಗುವವರೆಗೆ ನಮಗೆ ಗೊತ್ತಿರಲಿಲ್ಲ.

ಶುಕ್ರವಾರ

ವಿಮಾನ, ವಲಸೆ ಕೌಂಟರು, ಟ್ಯಾಕ್ಸಿ ಇವೆಲ್ಲ ಎಲ್ಲರಿಗೂ ಒಂದೇ. ಮನೆ ತಲುಪಿ, ಮಧ್ಯಾಹ್ನ ಪೂರ್ತಿ ನಿದ್ದೆ ಹೊಡೆದು, ಸಂಜೆ ಏಳಕ್ಕೆ ಎದ್ದರೆ ಹೊರಗೆ ಇನ್ನೂ ಬಿಸಿಲು. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಎಂಟೂವರೆಗೆ. ಸೆಕೆ ಮಂಗಳೂರಿನದು: ನಿಂತಲ್ಲೇ ಬೆವರು, ಒರೆಸಿದಷ್ಟೂ ಬೆವರು.

ಬ್ರಾಡ್‌ವೇ ದಾಟಿ 145ನೇ ಬೀದಿಯಲ್ಲಿ ಪಶ್ಚಿಮಕ್ಕೆ ಇಳಿಯುತ್ತ ಹೋದೆವು. ಸುತ್ತ ಕಿವಿಗೆ ಬೀಳುವುದು ಇಂಗ್ಲಿಷಿಗಿಂತ ಹೆಚ್ಚಾಗಿ ಸ್ಪ್ಯಾನಿಷ್. ಡೊಮಿನಿಕನ್ ಗಣರಾಜ್ಯದಿಂದ ಬಂದವರ ಕೇರಿ ಅದು. ಮೂಲೆಯಲ್ಲಿ ಒಬ್ಬ ಹೆಂಗಸು ಮಾವಿನಕಾಯಿ ಹೋಳುಗಳಿಗೆ ನಿಂಬೆರಸ ಹಿಂಡಿ, ಉಪ್ಪು, ಕಾರದ ಪುಡಿ ಉದುರಿಸಿ ಲೋಟದಲ್ಲಿ ಕೊಡುತ್ತಿದ್ದಳು. ಎಂಟು ಸಾವಿರಕ್ಕೂ ಹೆಚ್ಚು ಮೈಲಿ ಹಾರಿ ಬಂದು ಮೊದಲು ತಿಂದದ್ದು ಹಾಸನ ಬಸ್ ನಿಲ್ದಾಣದ ಎದುರಿನ ತಿಂಡಿಯನ್ನೇ!

ಬೀದಿ ಮುಗಿಯುವಲ್ಲಿ ಒಂದು ಸೇತುವೆ. ಕೆಳಗೆ ಹೆದ್ದಾರಿ, ಅದರಾಚೆ ಆಮ್‌ಟ್ರ್ಯಾಕ್ ರೈಲುಹಳಿ. ಸೇತುವೆ ದಾಟಿದರೆ ಮಟ್ಟಸವಾದ ವಿಶಾಲ ಬಯಲು. ಫುಟ್‌ಬಾಲ್ ಮೈದಾನ, ಅದನ್ನು ಸುತ್ತಿಕೊಂಡು ಎಂಟು ಸಾಲಿನ 400 ಮೀಟರ್ ಓಟದ ಟ್ರ್ಯಾಕ್, ಟೆನಿಸ್ ಅಂಕಣಗಳು, ಬ್ಯಾಸ್ಕೆಟ್‌ಬಾಲ್ ಅಂಕಣಗಳು. ಎಡಕ್ಕೂ ಬಲಕ್ಕೂ ಕೆಂಪಿಟ್ಟಿಗೆ ಬಣ್ಣದ ಕಟ್ಟಡಗಳು. ತುದಿಗೆ ಹೋಗಿ ಕಟಾಂಜನ ಹಿಡಿದು ನಿಂತರೆ ತೀರಾ ಕೆಳಗೆ ಹಡ್ಸನ್ ನದಿ, ಎದುರು ದಡದಲ್ಲಿ ನ್ಯೂಜೆರ್ಸಿಯ ಕಡಿದಾದ ಬಂಡೆಗೋಡೆ, ಉತ್ತರಕ್ಕೆ ಜಾರ್ಜ್ ವಾಷಿಂಗ್ಟನ್ ಸೇತುವೆ. ನಾನು ಟ್ರ್ಯಾಕಿನ ಗುರುತುಗೆರೆಗಳನ್ನು ನೋಡುತ್ತಿದ್ದೆ. ಇವರು ಮೂಗು ಅರಳಿಸಿ ಗಾಳಿ ಹಿಡಿಯುತ್ತಿದ್ದರು.

“ನಾವು ನೆಲದ ಮೇಲಿಲ್ಲ,” ಎಂದರು. “ಏರೇಶನ್ ತೊಟ್ಟಿಯ ಮೇಲಿದ್ದೇವೆ.”

ಮಗಳು ಹೌದೆಂದಳು. ನಾರ್ತ್ ರಿವರ್ ಕೊಳಚೆ ನೀರು ಶುದ್ಧೀಕರಣ ಘಟಕದ ಮಾಳಿಗೆಯ ಮೇಲೆ, ನದಿಯಿಂದ 69 ಅಡಿ ಎತ್ತರದಲ್ಲಿ, 28 ಎಕರೆ ಹರಡಿಕೊಂಡಿರುವ ಪಾರ್ಕು ಇದು. ರಿವರ್‌ಬ್ಯಾಂಕ್ ಸ್ಟೇಟ್ ಪಾರ್ಕ್ ಎಂದು 1993ರ ಮೇ ತಿಂಗಳಲ್ಲಿ ತೆರೆಯಿತು. ಈ ಭಾಗದ ಶಾಸಕರಾಗಿದ್ದ ಡೆನ್ನಿ ಫ್ಯಾರೆಲ್ ಅವರ ಹೆಸರನ್ನು 2017ರಲ್ಲಿ ಮುಂದೆ ಸೇರಿಸಿದ್ದಾರೆ. ಜನ ಮಾತ್ರ ಈಗಲೂ ರಿವರ್‌ಬ್ಯಾಂಕ್ ಎಂದೇ ಕರೆಯುತ್ತಾರೆ. ಕಾಲಡಿಯಲ್ಲಿ ದಿನಕ್ಕೆ ಹನ್ನೆರಡೂವರೆ ಕೋಟಿ ಗ್ಯಾಲನ್, ಎಂದರೆ ನಲವತ್ತೇಳು ಕೋಟಿ ಲೀಟರ್‌ನಷ್ಟು ಕೊಳಚೆಯನ್ನು ಶುದ್ಧೀಕರಿಸುವ ಸಾಮರ್ಥ್ಯ. ಆ ಲೆಕ್ಕ ಕೇಳಿದ ಮೇಲೆ ಇವರು ಆ ಸಂಜೆ ಬೇರೇನನ್ನೂ ನೋಡಲಿಲ್ಲ. ಪಾರ್ಕಿನ ನಡುವೆ ಎದ್ದು ನಿಂತ ಹೊಗೆ ಕೊಳವೆಗಳ ಫೋಟೋ ತೆಗೆಯುತ್ತ ಕತ್ತಲಾಗುವವರೆಗೆ ಸುತ್ತಿದರು. ಹತ್ತಿರ ಆಡುತ್ತಿದ್ದ ಹುಡುಗರಿಬ್ಬರು, ಸೇತುವೆಯ ಕಡೆ ಬೆನ್ನು ಮಾಡಿ ಚಿಮಣಿಯ ಫೋಟೋ ತೆಗೆಯುವ ಈ ಅಜ್ಜನನ್ನು ಕುತೂಹಲದಿಂದ ನೋಡಿದರು.

ಶನಿವಾರ

ನಿದ್ದೆ ಗಡಿಯಾರಕ್ಕೆ ಹೊಂದಿಕೊಂಡಿರಲಿಲ್ಲ. ಬೆಳಗಿನ ಜಾವವೇ ಎಚ್ಚರ. ಮಗಳನ್ನು ಎಬ್ಬಿಸದೆ ಇಬ್ಬರೂ ಪಾರ್ಕಿಗೆ ನಡೆದೆವು. ಪ್ರವೇಶ ಶುಲ್ಕವಿಲ್ಲ, ಬೆಳಗಿನ ಆರಕ್ಕೆಲ್ಲ ತೆರೆದಿರುತ್ತದೆ, ನಡುಹಗಲು ಬಾಗಿಲು ಹಾಕುವ ಪದ್ಧತಿಯೂ ಇಲ್ಲ. ಬೆಂಗಳೂರಿನ ಪಾರ್ಕುಗಳಿಗೆ ಹತ್ತು ಗಂಟೆಗೆ ಬೀಗ ಬೀಳುತ್ತಿದ್ದುದನ್ನು, “ಇಲ್ಲಿ ಆಟ ಆಡಬಾರದು” ಎಂಬ ಹಳದಿ ಫಲಕಗಳನ್ನು ಕಂಡು ಸಿಡುಕುತ್ತಲೇ ಬಂದವಳು ನಾನು. ಮಕ್ಕಳನ್ನು ಓಡಬೇಡಿ ಎನ್ನುವ ಪಾರ್ಕಿನಲ್ಲಿ ಉಳಿಯುವುದು ಕ್ರೋಟನ್ ಗಿಡ, ಸಿಮೆಂಟ್ ಬೆಂಚು, ಅದರ ಮೇಲೆ ದಾನಿಯ ಹೆಸರು.

ಟ್ರ್ಯಾಕಿನಲ್ಲಿ ಆಗಲೇ ಜನ. ಹೊರಸಾಲಿನಲ್ಲಿ ನಡೆಯುವವರು, ಒಳಸಾಲಿನಲ್ಲಿ ಓಡುವವರು. ಯಾರೂ ಹೇಳಿಕೊಡದಿದ್ದರೂ ಶಿಸ್ತು ತಪ್ಪುತ್ತಿರಲಿಲ್ಲ. ಹೊಸಬರು ಒಳಸಾಲಿನಲ್ಲಿ ಹರಟುತ್ತ ನಡೆದರೆ ಹಿಂದಿನಿಂದ ಬರುವವರು “ಟ್ರ್ಯಾಕ್!” ಎಂದು ಕೂಗುತ್ತಾರೆ, ಅದು ಬೈಗುಳವಲ್ಲ, ದಾರಿ ಬಿಡಿ ಎಂಬ ಮಾತು. ಕೋಲೂರಿಕೊಂಡು ನಡೆಯುವ ಅಜ್ಜಿಯರ ದೊಡ್ಡ ಗುಂಪೊಂದು ನನ್ನನ್ನು ತಮ್ಮೊಳಗೆ ಎಳೆದುಕೊಂಡಿತು. ಎಲ್ಲಿಂದ ಬಂದಿರಿ, ಮೊಮ್ಮಕ್ಕಳು ಎಷ್ಟು, ಮಂಡಿ ನೋವಿದೆಯೇ ಎಂಬ ಮೂರು ಪ್ರಶ್ನೆಗಳು ಮುಗಿಯುವಷ್ಟರಲ್ಲಿ ಒಂದು ಸುತ್ತು ಮುಗಿದಿತ್ತು.

ಆ ಗುಂಪಿನ ಹಿಂದೆ ಒಬ್ಬ ಹಿರಿಯರು, ಎಂಬತ್ತರ ಹತ್ತಿರದ ಕಪ್ಪುವರ್ಣೀಯರು, ಬಿಳಿ ಬೂಟು ತೊಟ್ಟು ಸೈನಿಕನ ಹೆಜ್ಜೆಯಲ್ಲಿ ಬರುತ್ತಿದ್ದರು. ಇವರು ಹೋಗಿ ನೇರವಾಗಿ ಕೇಳಿಯೇಬಿಟ್ಟರು: “ಇಲ್ಲಿ ವಾಸನೆ ಬರುವುದಿಲ್ಲವೇ?” ನನಗೆ ಮುಜುಗರವಾಯಿತು. ಆ ಹಿರಿಯರು ನಕ್ಕು ಬೆಂಚಿನ ಮೇಲೆ ಕೂತರು. ಆ ಪ್ರಶ್ನೆಗಾಗಿಯೇ ಕಾದಿದ್ದವರ ಹಾಗೆ ಹೇಳತೊಡಗಿದರು.

ಮ್ಯಾನ್‌ಹ್ಯಾಟನ್ನಿನ ಪಶ್ಚಿಮ ಭಾಗದ ಶೌಚದ ನೀರೆಲ್ಲ ಒಂದು ಕಾಲದಲ್ಲಿ ನೇರವಾಗಿ ಹಡ್ಸನ್ನಿಗೆ ಬೀಳುತ್ತಿತ್ತು. ಅದಕ್ಕೊಂದು ಘಟಕ ಬೇಕೆಂದಾಗ ಮೊದಲು ಗುರುತಿಸಿದ ಜಾಗ ಇನ್ನೂ ದಕ್ಷಿಣಕ್ಕೆ, ಅನುಕೂಲಸ್ಥರು ಇರುವ ಕಡೆ ಇತ್ತು. ಕೊನೆಗೆ ಅದು ಬಂದದ್ದು ಈ ಹಾರ್ಲೆಮ್ ಭಾಗಕ್ಕೆ. ಜನ ಸಿಟ್ಟಿಗೆದ್ದಾಗ, ಮೇಲೊಂದು ಪಾರ್ಕು ಕಟ್ಟಿಕೊಡುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿತು. 1986ರಲ್ಲಿ ಘಟಕ ಶುರುವಾಯಿತು, ಪಾರ್ಕು ಇನ್ನೂ ಕಾಗದದ ಮೇಲಿತ್ತು. “ಬೇಸಿಗೆಯಲ್ಲಿ ಕಿಟಕಿ ತೆರೆಯುವ ಹಾಗಿರಲಿಲ್ಲ. ನನ್ನ ಹೆಂಡತಿ ಒದ್ದೆ ಟವೆಲನ್ನು ಬಾಗಿಲ ಸಂದಿಗೆ ತುರುಕುತ್ತಿದ್ದಳು,” ಎಂದರು ಅವರು.

ಇವರು ತಲೆಯಾಡಿಸುತ್ತ ಕೇಳುತ್ತಿದ್ದರು. ಕೊಳಚೆಯಿಂದೇಳುವ ದುರ್ವಾಸನೆಯ ಅನಿಲ, ಹೈಡ್ರೋಜನ್ ಸಲ್ಫೈಡ್ ಎಂದರೇನೆಂದು ಇವರಿಗೆ ಹೊಸದಾಗಿ ಹೇಳಬೇಕಾಗಿರಲಿಲ್ಲ.

ಮುಂದಿನದು ಬೀದಿ ಹೋರಾಟದ ಕಥೆ. 1988ರ ಜನವರಿಯಲ್ಲಿ ಊರಿನ ಮುಖಂಡರು ಘಟಕದ ಎದುರು ಹೆದ್ದಾರಿಯನ್ನೇ ತಡೆದು ನಿಂತರು. ಏಳು ಜನರ ಬಂಧನವಾಯಿತು. ‘ಸೂಯೇಜ್ ಸೆವೆನ್’ (ಕೊಳಚೆಯ ಏಳು ಮಂದಿ) ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಅವರಲ್ಲಿದ್ದ ಪೆಗ್ಗಿ ಶೆಪರ್ಡ್ ಮತ್ತು ಸಂಗಡಿಗರು ಅದೇ ವರ್ಷ ‘ವೀ ಆ್ಯಕ್ಟ್’ ಎಂಬ ಸಂಸ್ಥೆ ಕಟ್ಟಿದರು, ಮುಂದೆ ನಗರದ ಮೇಲೆ ದಾವೆ ಹೂಡಿದರು. 1993ರ ಕೊನೆಯಲ್ಲಿ ರಾಜಿಯಾಗಿ 11 ಲಕ್ಷ ಡಾಲರ್ ಪರಿಹಾರ ಬಂತು, ದುರ್ವಾಸನೆ ತಡೆಯುವ ಕೆಲಸಕ್ಕೆ ನಗರ ಒಪ್ಪಿಕೊಂಡಿತು. ಕಥೆಯ ಕೊನೆಯಲ್ಲಿ ಹಿರಿಯರು ಒಂದು ಮಾತು ಸೇರಿಸಿದರು: “ಪಾರ್ಕು ಕೊಟ್ಟರು ಎಂದು ಪೇಪರಿನವರು ಬರೆದರು. ನಾವು ಕಿತ್ತುಕೊಂಡೆವು, ಅಷ್ಟೆ.”

ವಾಸನೆಯ ಬಗ್ಗೆ ನನ್ನ ಸಾಕ್ಷಿ ಇಷ್ಟು: ಟ್ರ್ಯಾಕಿನ ಹತ್ತಿರ ಏನೂ ಇಲ್ಲ. ಮಧ್ಯಾಹ್ನ ಬಿಸಿಲೇರಿ ಗಾಳಿ ನಿಂತಾಗ ದಕ್ಷಿಣದ ಅಂಚಿನಲ್ಲಿ ಒಂದೆರಡು ಸಲ ಮೂಗಿಗೆ ಬಡಿಯಿತು. ಇವರ ಪ್ರಕಾರ ಅದು “ಆರೋಗ್ಯವಂತ ವಾಸನೆ”. ನಾನು ಒಪ್ಪಲಿಲ್ಲ.

ಹತ್ತು ಗಂಟೆಗೆ ಮಗಳು ಬಂದು ಸೇರಿಕೊಂಡಳು. ಒಳಾಂಗಣದಲ್ಲಿ ಒಲಿಂಪಿಕ್ ಅಳತೆಯ ಈಜುಕೊಳ. ಗಾಜಿನಾಚೆ ಪುಟ್ಟ ಮಕ್ಕಳು ಹಲಗೆ ಹಿಡಿದು ಕಾಲು ಬಡಿಯುತ್ತಿದ್ದರು. ಪಕ್ಕದಲ್ಲಿ ಸೂರು ಹೊದಿಸಿದ ರಿಂಕ್: ಚಳಿಗಾಲದಲ್ಲಿ ಮಂಜುಗಡ್ಡೆಯ ಸ್ಕೇಟಿಂಗ್, ಬೇಸಿಗೆಯಲ್ಲಿ ಗಾಲಿಯ ಸ್ಕೇಟಿಂಗ್. ನಾವು ಹೋದಾಗ ಐವತ್ತು ದಾಟಿದ ಹೆಂಗಸರು ಹಳೆಯ ಹಾಡಿಗೆ ಹಿಮ್ಮುಖವಾಗಿ ಗಾಲಿಯ ಮೇಲೆ ಜಾರುತ್ತಿದ್ದರು. ಶಿಕ್ಷಕರ ತರಬೇತಿಯಲ್ಲಿ ನಾವು ಕಲಿತ ಸಮತೋಲನದ ಪಾಠಗಳನ್ನೆಲ್ಲ ಅವರ ಸೊಂಟ ನಗೆಪಾಟಲು ಮಾಡುತ್ತಿತ್ತು.

ಇಂಥದ್ದೆಲ್ಲ ಇಲ್ಲಿ ಬಂದದ್ದು ವಾಸ್ತುಶಿಲ್ಪಿ ರಿಚರ್ಡ್ ಡಾಟ್ನರ್ ಅವರು ಊರವರೊಡನೆ ಕೂತು ಏನು ಬೇಕೆಂದು ಕೇಳಿದ್ದರಿಂದ. ಜಪಾನಿನ ಮಾಳಿಗೆ ಉದ್ಯಾನಗಳು ಅವರಿಗೆ ಪ್ರೇರಣೆಯಾಗಿದ್ದವಂತೆ. ಆದರೆ ಇಲ್ಲಿನವರು ಬಯಸಿದ್ದು ಕೂತು ನೋಡುವ ತೋಟವನ್ನಲ್ಲ. ಈಜುಕೊಳ ಬೇಕು, ಅಂಕಣ ಬೇಕು, ನಾಟಕಕ್ಕೆ ರಂಗಮಂದಿರ ಬೇಕು ಎಂದರು. ಕೆಳಗಿನ ಕಂಬಗಳು ಹೊರಬಲ್ಲಷ್ಟೇ ಭಾರ ಮೇಲಿರಬೇಕು ಎಂಬ ಕಟ್ಟುಪಾಡಿನಲ್ಲಿ ಎಲ್ಲಿ ಕಟ್ಟಡ, ಎಲ್ಲಿ ಮಣ್ಣು, ಎಲ್ಲಿ ಮರ ಎಂದು ನಿರ್ಧರಿಸಬೇಕಾಯಿತು. ಮರಗಳು ಏಕೆ ಗಿಡ್ಡವಾಗಿವೆ ಎಂಬುದಕ್ಕೆ ಇವರು ಮಣ್ಣಿನ ಆಳದ ಲೆಕ್ಕ ಹಾಕುತ್ತ ಕೂತರು. ನಾನೂ ಮಗಳೂ ಕುದುರೆಬಂಡಿಯ ಕಡೆ ಹೋದೆವು.

ಜಾತ್ರೆಯಲ್ಲಿ ತಿರುಗುವ ಕುದುರೆಬಂಡಿಯೇ. ಆದರೆ ಇದರಲ್ಲಿ ಕುದುರೆ ಹುಡುಕಬೇಕು. ಈ ಕೇರಿಯ ಮಕ್ಕಳು ಬರೆದ ಚಿತ್ರಗಳಿಂದ 32 ಪ್ರಾಣಿಗಳನ್ನು ಆರಿಸಿ, ಕಲಾವಿದ ಮೈಲೋ ಮೊಟೊಲಾ ಅವನ್ನು ಚಿತ್ರದಲ್ಲಿದ್ದ ಹಾಗೆಯೇ, ಸೊಟ್ಟ ಕಾಲು ಸೊಟ್ಟಗೇ, ಕಣ್ಣು ಹಣೆಯ ಮೇಲಿದ್ದರೆ ಅಲ್ಲಿಯೇ ಇಟ್ಟು ಮಾಡಿದ್ದಾರೆ. ತಿದ್ದಿಲ್ಲ. ಶಾಲೆಯಲ್ಲಿ ಮಕ್ಕಳ ಹಸುವಿಗೆ ಐದನೇ ಕಾಲಿದ್ದರೆ ಕೆಂಪು ಗೀಟೆಳೆಯುವ ನಮ್ಮ ಡ್ರಾಯಿಂಗ್ ಮೇಷ್ಟರು ನೆನಪಾದರು.

ಮಧ್ಯಾಹ್ನ ಬ್ಯಾಸ್ಕೆಟ್‌ಬಾಲ್ ಅಂಕಣದ ಹತ್ತಿರ ಕೋಚ್ ಒಬ್ಬಳ ಪರಿಚಯವಾಯಿತು. ಮೂವತ್ತರ ಹುಡುಗಿ, ಕೊರಳಲ್ಲಿ ಸೀಟಿ. ಆ ಸೀಟಿ ಊದುವ ಕ್ರಮದಿಂದಲೇ ನನಗೆ ಗೊತ್ತಾಯಿತು, ಕಸುಬುದಾರಳು: ತಪ್ಪಿಗೆ ಗಿಡ್ಡ ಸದ್ದು, ನಿಲ್ಲಿಸಲು ಉದ್ದ ಸದ್ದು, ನಡುವೆ ಬಾಯಿಮಾತು ಕಡಿಮೆ. ನಾನೂ ಅದೇ ಕೆಲಸದವಳು ಎಂದಾಗ ಹುಡುಗಿಯರನ್ನೆಲ್ಲ ಕರೆದು ನಿಲ್ಲಿಸಿ, “ಭಾರತದ ಒಂದು ಆಟ ಕಲಿಸಿ ಮೇಡಂ” ಎಂದಳು. ಕೊಕ್ಕೊ ಆಡಿಸಿದೆ. ಸಾಲಾಗಿ ಒಬ್ಬರು ಬಿಟ್ಟು ಒಬ್ಬರು ವಿರುದ್ಧ ದಿಕ್ಕಿಗೆ ಮುಖ ಮಾಡಿ ಕೂರುವುದು, ಬೆನ್ನಿಗೆ ತಟ್ಟಿ “ಕೊ” ಎನ್ನುವುದು ಹತ್ತು ನಿಮಿಷದಲ್ಲಿ ಬಂತು. ದಿಕ್ಕು ಬದಲಿಸಬಾರದೆಂಬ ನಿಯಮ ಮಾತ್ರ ಯಾರಿಗೂ ಒಪ್ಪಿಗೆಯಾಗಲಿಲ್ಲ. ಎತ್ತರದ ಹುಡುಗಿಯೊಬ್ಬಳು ಅದನ್ನು ಅನ್ಯಾಯವೆಂದೇ ವಾದಿಸಿದಳು. ವಾದಿಸಲಿ ಎಂದು ಬಿಟ್ಟೆ. ಅಂಥ ಒಬ್ಬಳು ಇಲ್ಲದ ತಂಡ ಗೆಲ್ಲುವುದಿಲ್ಲ.

ಊಟದ ವಿಷಯ. ಬ್ರಾಡ್‌ವೇಯ ಡೊಮಿನಿಕನ್ ಹೋಟೆಲುಗಳಲ್ಲಿ ತೊಗರಿಕಾಳಿನ ಅನ್ನ ಸಿಗುತ್ತದೆ. ಹಸಿ ತೊಗರಿಯೇ, ನಮ್ಮದೇ. ಸಸ್ಯಾಹಾರಿಗಳು ಹಂದಿಮಾಂಸ ಹಾಕಿದ್ದೀರಾ ಎಂದು ಮೊದಲೇ ಕೇಳಬೇಕು, ಎಷ್ಟೋ ಕಡೆ ಒಗ್ಗರಣೆಯಲ್ಲೇ ಇರುತ್ತದೆ. ಜಜ್ಜಿ ಎರಡು ಸಲ ಕರಿದ ಬಾಳೆಕಾಯಿಯನ್ನು ಕಣ್ಣು ಮುಚ್ಚಿ ತಿನ್ನಬಹುದು. ನಾವು ಮೂವರೂ ಅದನ್ನೇ ಎರಡೆರಡು ತಟ್ಟೆ ಮುಗಿಸಿದೆವು.

ಭಾನುವಾರ

ರಿವರ್‌ಬ್ಯಾಂಕಿನ ಅಜ್ಜಿಯರಲ್ಲಿ ಒಬ್ಬರು ಹೇಳಿದ್ದರು: “ನಮ್ಮದಕ್ಕೂ ಮೊದಲಿನದು ಬ್ರಾಂಕ್ಸಿನಲ್ಲಿದೆ, ಹೋಗಿ ನೋಡಿ.” ಹೌದು, ನ್ಯೂಯಾರ್ಕ್ ರಾಜ್ಯದ ಮೊಟ್ಟಮೊದಲ ನಗರ ಸ್ಟೇಟ್ ಪಾರ್ಕು ಅಲ್ಲಿದೆ, 1973ರಲ್ಲಿ ತೆರೆದದ್ದು. ಹಾರ್ಲೆಮ್ 125ನೇ ಬೀದಿಯಿಂದ ಮೆಟ್ರೋ-ನಾರ್ತ್ ರೈಲು ಹಿಡಿದು ಮಾರಿಸ್ ಹೈಟ್ಸಿನಲ್ಲಿ ಇಳಿದರೆ ಪಾರ್ಕು ಎದುರಿಗೇ. ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ, ಭಾನುವಾರ ಇನ್ನೂ ಕಡಿಮೆ. ಹಿಂದಿರುಗುವ ರೈಲಿನ ವೇಳೆಯನ್ನು ಮೊದಲೇ ನೋಡಿಕೊಂಡು ಹೋಗುವುದು ಮೇಲು.

ದಾರಿಯಲ್ಲಿ ರೈಲು ಹೈ ಬ್ರಿಡ್ಜಿನ ಅಡಿಯಿಂದ ಹಾದುಹೋಗುತ್ತದೆ. 1848ರಲ್ಲಿ ಕ್ರೋಟನ್ ಎಂಬಲ್ಲಿಂದ ಮ್ಯಾನ್‌ಹ್ಯಾಟನ್ನಿಗೆ ಕುಡಿಯುವ ನೀರು ತರಲು ಕಟ್ಟಿದ ಕಲ್ಲುಕಮಾನಿನ ಸೇತುವೆ ಅದು. ಇವರು ಸೀಟಿನಿಂದ ಅರ್ಧ ಎದ್ದು ಕುತ್ತಿಗೆ ಹೊರಳಿಸಿ ನೋಡಿದರು. ಕಣ್ಣುಮಿಟುಕಿಸುವಷ್ಟರಲ್ಲಿ ಅದು ಹಿಂದಾಯಿತು. ಬರುವಾಗ ಎಡಗಡೆ ಕೂರಬೇಕೋ ಬಲಗಡೆಯೋ ಎಂಬ ಚಿಂತೆ ಅವರನ್ನು ದಿನವಿಡೀ ಕಾಡಿತು.

ಪಾರ್ಕಿಗೆ ರಾಬರ್ಟೊ ಕ್ಲೆಮೆಂಟೆಯ ಹೆಸರು. ಪೋರ್ಟೊರಿಕೊದ ಬೇಸ್‌ಬಾಲ್ ಆಟಗಾರ, ಪಿಟ್ಸ್‌ಬರ್ಗ್ ತಂಡದವನು, 3000 ಹಿಟ್‌ಗಳ ಸರದಾರ. 1972ರ ಡಿಸೆಂಬರ್ 31ರಂದು, ಭೂಕಂಪವಾದ ನಿಕರಾಗುವಾಕ್ಕೆ ಪರಿಹಾರ ಸಾಮಗ್ರಿ ತುಂಬಿಕೊಂಡು ಹೊರಟ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡ. ಮೂವತ್ತೆಂಟು ವರ್ಷ ವಯಸ್ಸು. 2013ರಲ್ಲಿ ನಿಲ್ಲಿಸಿದ ಅವನ ಕಂಚಿನ ಪ್ರತಿಮೆಯ ಬುಡದಲ್ಲಿ ಯಾರೋ ಒಂದು ಹಳೆಯ ಚೆಂಡು ಇಟ್ಟು ಹೋಗಿದ್ದರು.

ರಿವರ್‌ಬ್ಯಾಂಕ್ ಶಿಸ್ತಿನ ಜಾಗವಾದರೆ ಇದು ಮದುವೆ ಮನೆ. ಸುಮಾರು 25 ಎಕರೆಯಲ್ಲಿ ಎಲ್ಲಿ ನೋಡಿದರೂ ಬಲೂನು, ಚಾಪೆ, ಕೆಂಡದ ಒಲೆ, ಧ್ವನಿಪೆಟ್ಟಿಗೆ. ಮೂರು ಹುಟ್ಟುಹಬ್ಬಗಳ ಮೂರು ಹಾಡುಗಳು ಒಂದರ ಮೇಲೊಂದು. ದೊಡ್ಡ ಈಜುಕೊಳದ ಮುಂದೆ ಉದ್ದನೆಯ ಸಾಲು. ಮಕ್ಕಳು ಸಾಲಿನಲ್ಲಿ ನಿಂತೇ ಅರ್ಧ ನೆನೆದಿದ್ದರು. ಒಂದು ಪಕ್ಕ ಆಕಾಶಕ್ಕೆ ತಾಗುವ ವಸತಿ ಗೋಪುರಗಳು, ಇನ್ನೊಂದು ಪಕ್ಕ ಹಾರ್ಲೆಮ್ ನದಿ. ಇದಕ್ಕೆ ನದಿ ಎನ್ನುವುದೂ ವಾಡಿಕೆಗಷ್ಟೆ. ಹಡ್ಸನ್ನಿಗೂ ಈಸ್ಟ್ ರಿವರಿಗೂ ನಡುವಿನ ಉಬ್ಬರವಿಳಿತದ ಕಾಲುವೆ. 2012ರ ಸ್ಯಾಂಡಿ ಚಂಡಮಾರುತ ಜಜ್ಜಿಹಾಕಿದ ದಂಡೆಯನ್ನು ಮತ್ತೆ ಕಟ್ಟಿದ್ದಾರೆ. ಅಲ್ಲಿಯ ಕಟಾಂಜನಕ್ಕೆ ಆನಿಕೊಂಡು ಗಾಳ ಹಾಕಿದವರು ಗಾಳಕ್ಕಿಂತ ಪಕ್ಕದವರ ಹರಟೆಯ ಮೇಲೆ ಹೆಚ್ಚು ಗಮನವಿಟ್ಟಿದ್ದರು.

ನಾವು ಮರದ ನೆರಳು ಹುಡುಕಿ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಪಕ್ಕದ ಚಾಪೆಯವರು ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ ಅಲ್ಲಿಂದ ಒಂದು ಮಗು ಕಾಗದದ ತಟ್ಟೆಯಲ್ಲಿ ಸುಟ್ಟ ಜೋಳ ತಂದು ಇಟ್ಟು ಓಡಿತು. ನಾವು ಅದೇ ತಟ್ಟೆಯಲ್ಲಿ ಚಿತ್ರಾನ್ನ ಕಳಿಸಿದೆವು. ಅಜ್ಜಿಯೊಬ್ಬರು ಎದ್ದು ಬಂದು, ಕಡಲೆಬೇಳೆಯನ್ನು ಬೆರಳಲ್ಲಿ ಹಿಡಿದು, “ಇದೇನು, ಬೇಯಿಸುವುದು ಮರೆತಿರಾ?” ಎಂದು ಕೇಳಿದರು. ಅವರದು ಸ್ಪ್ಯಾನಿಷ್, ನನ್ನದು ಕನ್ನಡ, ನಡುವೆ ಮಗಳ ಅರೆಬರೆ ಅನುವಾದ. ಎಣ್ಣೆಯಲ್ಲಿ ಹುರಿಯುವುದು ಎಂದು ತಿಳಿಸಲು ನಾನು ಸೌಟು ಆಡಿಸಿ ಅಭಿನಯಿಸಿದೆ. ಅವರು ಇನ್ನಷ್ಟು ಬೇಕೆಂದು ತಟ್ಟೆ ಒಡ್ಡಿದರು.

ಬಿಸಿಲಿಗೆ ಗಾಡಿಯವನು ಮಂಜುಗಡ್ಡೆಯನ್ನು ಕೆರೆದು, ಬಣ್ಣದ ಪಾಕ ಹಾಕಿ ಕೊಡುತ್ತಿದ್ದ. ಪಿರಾಗುವಾ ಎನ್ನುತ್ತಾರೆ. ತೆಂಗು, ಚೆರ್ರಿ, ಮಾವು, ಹುಣಸೆ. ಹುಣಸೆಯದನ್ನೇ ತೆಗೆದುಕೊಳ್ಳಿ; ಉಳಿದವೆಲ್ಲ ಬರೀ ಬಣ್ಣ. ಇವರು ಮೊದಲ ತುತ್ತಿಗೇ ಬಿಳಿ ಅಂಗಿಯ ಮೇಲೆ ಪಾಕ ಸುರಿದುಕೊಂಡು, ಸಂಜೆಯವರೆಗೆ ಎದೆಯ ಮೇಲೆ ಕಂದು ನಕಾಶೆ ಹೊತ್ತು ತಿರುಗಿದರು. ರೈಲಿನಲ್ಲಿ ಅವರಿಗೆ ಬೇಕಾದ ಪಕ್ಕದಲ್ಲಿ ಸೀಟೂ ಸಿಗಲಿಲ್ಲ.

ಸೋಮವಾರ

ಮಳೆ. ಮಲೆನಾಡಿನ ಹಾಗೆ ಹದವಾಗಿ ಅಲ್ಲ, ಒಮ್ಮೆಲೇ ಸುರಿದು, ನಿಂತು, ಮತ್ತೆ ಸುರಿಯುವುದು. ಮನೆಯಲ್ಲೇ ಕೂತು ಬೋಂಡ ಕರಿದೆವು. ಇವರು ಮಾತ್ರ ಕೊಡೆ ಹಿಡಿದು ನದಿ ದಂಡೆಗೆ ಹೋಗಿ ಬಂದರು. ಈ ನಗರದ ಬಹುಪಾಲು ಕಡೆ ಮಳೆನೀರಿಗೂ ಶೌಚದ ನೀರಿಗೂ ಒಂದೇ ಕೊಳವೆ. ಜೋರು ಮಳೆಯಾದರೆ ಘಟಕಕ್ಕೆ ತಡೆಯಲಾಗದೆ ಮಿಶ್ರ ನೀರು ನೇರವಾಗಿ ನದಿಗೆ ಬೀಳುತ್ತದೆ. ಅದನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಆಸೆ. ಏನೂ ಕಾಣಲಿಲ್ಲವಂತೆ. ಕಟ್ಟಡದ ನದಿ ಕಡೆಯ ಗೋಡೆಯ ಕಮಾನುಗಳು ಬಹಳ ಚೆನ್ನಾಗಿವೆ ಎಂದು ಮಾತ್ರ ಹೇಳಿದರು. 2011ರ ಜುಲೈಯಲ್ಲಿ ಈ ಘಟಕದ ಎಂಜಿನ್ ಕೊಠಡಿಗೆ ಬೆಂಕಿ ಬಿದ್ದು, ಪಾರ್ಕಿನ ಜನರನ್ನು ಖಾಲಿ ಮಾಡಿಸಿ, ಕೊಳಚೆಯನ್ನು ಹಾಗೆಯೇ ಹಡ್ಸನ್ನಿಗೆ ಬಿಡಬೇಕಾಗಿ ಬಂದಿತ್ತು ಎಂದು ದಂಡೆಯಲ್ಲಿ ಸಿಕ್ಕ ಸೈಕಲ್ ಸವಾರನಿಂದ ತಿಳಿದುಕೊಂಡು ಬಂದಿದ್ದರು. ಬೋಂಡದ ಜೊತೆ ಅದರ ವಿವರ ಬೇಡವೆಂದು ಮಗಳು ಕೈಮುಗಿದಳು.

ಬುಧವಾರ

ಬ್ರೂಕ್ಲಿನ್ನಿನ ಆ ತುದಿಗೆ, ಜಮೈಕಾ ಕೊಲ್ಲಿಯ ದಂಡೆಗೆ. 145ನೇ ಬೀದಿಯಲ್ಲಿ ‘ಎ’ ರೈಲು ಹತ್ತಿ ಯೂಕ್ಲಿಡ್ ಅವೆನ್ಯೂವರೆಗೆ ಕೂತು ಬೇಸರವಾಗುವಷ್ಟು ದೂರ, ಅಲ್ಲಿಂದ ಬಸ್. ಬಸ್ಸಿಗೆ ಕಾದ ಹೊತ್ತಿನಲ್ಲಿ ಹಾಸನದಿಂದ ಸಕಲೇಶಪುರ ಮುಟ್ಟಬಹುದಿತ್ತು. ಕೊನೆಗೆ ಬಂದ ಬಸ್ಸು ದೊಡ್ಡ ಮಾಲ್ ಒಂದರ ಹತ್ತಿರ ಇಳಿಸಿತು. ನೀರು, ತಿಂಡಿ, ಟೋಪಿ ಎಲ್ಲವನ್ನೂ ಅಲ್ಲೇ ಹೊಂದಿಸಿಕೊಳ್ಳಬೇಕು. ಒಳಗೆ ಹೋದ ಮೇಲೆ ಬಿಸಿಲಿಗೆ ಅಡ್ಡ ಏನೂ ಇಲ್ಲ.

ಶರ್ಲಿ ಚಿಸಮ್ ಸ್ಟೇಟ್ ಪಾರ್ಕು 407 ಎಕರೆ. ದೂರದಿಂದ ಎರಡು ಹಸಿರು ಗುಡ್ಡ. ಹತ್ತಿದರೂ ಗುಡ್ಡವೇ. ಒಳಗಿರುವುದು ನಗರದ ಕಸ. ಪೆನ್ಸಿಲ್ವೇನಿಯಾ ಅವೆನ್ಯೂ, ಫೌಂಟನ್ ಅವೆನ್ಯೂ ಎಂಬ ಎರಡು ತಿಪ್ಪೆಗಳು. 1956ರಲ್ಲಿ ಸುರಿಯಲು ತೊಡಗಿದ್ದು ನಿಂತದ್ದು ಎಂಬತ್ತರ ದಶಕದಲ್ಲಿ. ಆಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಹನ್ನೆರಡು ಲಕ್ಷ ಘನ ಗಜದಷ್ಟು ಹೊಸ ಮಣ್ಣು ತುಂಬಿ, 35,000 ಗಿಡಮರ ನೆಟ್ಟರು. 2019ರ ಜುಲೈಯಲ್ಲಿ ಜನರಿಗೆ ತೆರೆದರು. ನಡುವಿನ ಆ ವರ್ಷಗಳಲ್ಲಿ ಬೇಲಿಯಾಚೆಯ ಸಮುದ್ರವನ್ನು ಇಲ್ಲಿನವರು ಕಂಡಿರಲಿಲ್ಲ.

ಚಿಸಮ್ ಬ್ರೂಕ್ಲಿನ್ನಿನವರೇ. ಅಂಗನವಾಡಿಯಂಥ ಶಿಶುಶಾಲೆಯಲ್ಲಿ ಶಿಕ್ಷಕಿಯಾಗಿ ಶುರುಮಾಡಿ, 1968ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ. 1972ರಲ್ಲಿ ಅಧ್ಯಕ್ಷ ಪದವಿಗೂ ಸ್ಪರ್ಧಿಸಿದರು. ಗೋಡೆ ತುಂಬ ಹೂಬಣ್ಣಗಳಲ್ಲಿ ಅವರ ಚಿತ್ರವಿದೆ. ಮೇಷ್ಟರು ವೃತ್ತಿಯಿಂದ ಹೋದ ಹೆಂಗಸಿನ ಹೆಸರನ್ನು ಇಷ್ಟು ದೊಡ್ಡ ಜಾಗಕ್ಕೆ ಇಟ್ಟದ್ದು ನನಗೆ ಬಹಳ ಹಿಡಿಸಿತು.

ಬಾಗಿಲಲ್ಲಿ ಸೈಕಲ್‌ಗಳನ್ನು ಉಚಿತವಾಗಿ ಎರವಲು ಕೊಡುತ್ತಾರೆ, ಹೆಲ್ಮೆಟ್ ಸಮೇತ. ಕೊಡುವ ದಿನ, ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತವೆ, ಫೋನ್ ಮಾಡಿ ಹೋಗಬೇಕು. ಅಲ್ಲಿದ್ದ ಹುಡುಗ ನನ್ನ ಚೂಡಿದಾರದ ದುಪಟ್ಟಾ ನೋಡಿ ಅನುಮಾನಿಸಿದ. ಸೊಂಟಕ್ಕೆ ಬಿಗಿದು ಗಂಟು ಹಾಕಿ, ಸೀಟಿನ ಎತ್ತರ ನಾನೇ ಸರಿಮಾಡಿಕೊಂಡು, ಒಂದು ಸುತ್ತು ಹೊಡೆದು ತೋರಿಸಿದೆ. ಅವನು ಚಪ್ಪಾಳೆ ತಟ್ಟಿದ. ಮಗಳಿಗೆ ಸೈಕಲ್, ಇವರಿಗೆ ನಡಿಗೆ.

ಒಟ್ಟು ಹತ್ತು ಮೈಲಿಯಷ್ಟು ಹಾದಿಗಳು. ಗುಡ್ಡದ ನೆತ್ತಿ 130 ಅಡಿ ಎತ್ತರ. ಏರು ಮೆಲ್ಲನೆಯದು, ಆದರೆ ಎದುರುಗಾಳಿ ಬಿಡುವುದಿಲ್ಲ. ಜಲ್ಲಿ ಹಾಸಿದ ಹಾದಿಯಲ್ಲಿ ಗೇರ್ ಇಳಿಸಿ ತುಳಿಯುತ್ತ ಹೋದೆ. ಎರಡೂ ಕಡೆ ಎದೆಯುದ್ದ ಹುಲ್ಲು. ಮೇಲೆ ಮುಟ್ಟಿದಾಗ ಒಂದು ಕಡೆ ಎಂಪೈರ್ ಸ್ಟೇಟ್ ಕಟ್ಟಡ ಕಡ್ಡಿಯಷ್ಟು, ಇನ್ನೊಂದು ಕಡೆ ಕೊಲ್ಲಿಯ ಜೌಗು ದ್ವೀಪಗಳು, ತಲೆಯ ಮೇಲೆ ಕೆನಡಿ ನಿಲ್ದಾಣಕ್ಕೆ ಇಳಿಯುವ ವಿಮಾನಗಳು. ಐದು ದಿನದ ಹಿಂದೆ ನಾವೂ ಅಂಥದೇ ಒಂದರಲ್ಲಿ ಇಳಿದವರು. ಕಿಟಕಿಯಿಂದ ಕಂಡ ಹಸಿರು ದಿಬ್ಬ ಇದೇ ಇರಬೇಕು.

ಇವರು ಬೆವರೊರೆಸುತ್ತ ಬಂದು ಸೇರುವಷ್ಟರಲ್ಲಿ, ಮೈಸೂರಿನಲ್ಲಿ ಕೊಂಡಿದ್ದ ಅವರ ಟೋಪಿಯನ್ನು ಗಾಳಿ ಎತ್ತಿಕೊಂಡು ಹೋಯಿತು. ಹುಲ್ಲಿನೊಳಗೆ ಇಳಿಯಬಾರದೆಂಬ ಫಲಕವಿದೆ, ಉಣ್ಣೆಹುಳುಗಳ ಕಾಟವೂ ಇದೆಯಂತೆ. ಹಾದಿಯ ಮೇಲೇ ನಿಂತು ಬೀಳ್ಕೊಟ್ಟೆವು. ಅಲ್ಲಿ ಹಕ್ಕಿ ನೋಡುತ್ತ ನಿಂತಿದ್ದ ಮಧ್ಯವಯಸ್ಸಿನ ಹೆಂಗಸು ತನ್ನ ದುರ್ಬೀನಿನಲ್ಲಿ ಟೋಪಿಯ ಜಾಡು ಹಿಡಿದು, “ಇನ್ನೂ ಉರುಳುತ್ತಿದೆ… ಇನ್ನೂ… ಹೋಯಿತು” ಎಂದು ವರದಿ ಕೊಟ್ಟಳು. ಆಕೆ ಇದೇ ಈಸ್ಟ್ ನ್ಯೂಯಾರ್ಕ್ ಭಾಗದವಳು. ಚಿಕ್ಕಂದಿನಲ್ಲಿ ಈ ಗುಡ್ಡದ ಮೇಲೆ ಸೀಗಲ್ ಎಂಬ ಕಡಲಹಕ್ಕಿಗಳ ಹಿಂಡು ಮೋಡದಂತೆ ಕವಿಯುತ್ತಿತ್ತಂತೆ, ಕಸಕ್ಕಾಗಿ. ಈಗ ಬೇರೆ ಹಕ್ಕಿಗಳು. “ಕಸ ಎಲ್ಲಿಗೆ ಹೋಯಿತು?” ಎಂದು ಇವರು ಕೇಳಿದರು. “ಬೇರೆಯವರ ಊರಿಗೆ,” ಎಂದಳು ಆಕೆ, ದುರ್ಬೀನು ಇಳಿಸದೆ.

ಇವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಆಕೆಗೆ ಮಂಡೂರಿನ ಕಥೆ ಹೇಳಿದರು: ಬೆಂಗಳೂರಿನ ಕಸದ ಲಾರಿಗಳು ವರ್ಷಗಟ್ಟಲೆ ಅಲ್ಲಿಗೆ ಹೋದದ್ದು, ಹಳ್ಳಿಯವರು ರಸ್ತೆಗೆ ಅಡ್ಡ ಕೂತದ್ದು, 2014ರ ಕೊನೆಯಲ್ಲಿ ಸುರಿಯುವುದು ನಿಂತದ್ದು. “ಅಲ್ಲಿ ಈಗ ಪಾರ್ಕಿದೆಯೇ?” ಎಂದು ಆಕೆ ಕೇಳಿದಳು. ಇವರು ಇಲ್ಲವೆಂದು ತಲೆಯಾಡಿಸಿದರು. ಕಸದ ಗುಡ್ಡದ ಮೇಲೆ ನಿಂತು ಇಬ್ಬರೂ ಕಸದಿಂದ ಹುಟ್ಟುವ ಮೀಥೇನ್ ಅನಿಲದ ಕೊಳವೆಗಳ ಬಗ್ಗೆ ಮಾತಿಗಿಳಿದರು. ನಾನೂ ಮಗಳೂ ಇಳಿಜಾರಿನಲ್ಲಿ ಬ್ರೇಕು ಬಿಟ್ಟೆವು.

ಆ ಇಳಿಜಾರಿನ ಸುಖಕ್ಕಾಗಿಯೇ ಇನ್ನೊಮ್ಮೆ ಹತ್ತಿ ಇಳಿದೆ. ಮೂರನೇ ಸಲಕ್ಕೆ ಕೊಲ್ಲಿಯ ಮೇಲೆ ಮೋಡ ಕಪ್ಪಾಯಿತು. ಮಿಂಚು ಕಂಡರೆ ಗುಡ್ಡದ ಮೇಲಿನವರೆಲ್ಲ ಇಳಿಯಬೇಕೆಂದು ಸಿಬ್ಬಂದಿ ಗಾಡಿಯಲ್ಲಿ ಕೂಗುತ್ತ ಬಂದರು. ಸೈಕಲ್ ಒಪ್ಪಿಸಿ ಮಾಲಿನ ಕಡೆ ಓಡುವಾಗಲೇ ಹನಿ ಬಿತ್ತು. ಮಗಳು ನನ್ನ ಹಿಂದೆ ಉಳಿದಳು. ಅದನ್ನು ಇಲ್ಲಿ ದಾಖಲಿಸಬಾರದೆಂದು ಅವಳ ಕೋರಿಕೆ.

ಮಾಲಿನೊಳಗೆ ಒದ್ದೆಯಾಗಿ ಕಾಫಿ ಕುಡಿಯುತ್ತಿರುವಾಗ ಅವಳು ಮರುದಿನಕ್ಕೆ ಲಿಬರ್ಟಿ ಪ್ರತಿಮೆಯ ದೋಣಿಗೆ ಟಿಕೆಟ್ ತೆಗೆದಿರುವುದನ್ನು ಹೇಳಿದಳು. ಇವರು ಕಾಫಿ ಲೋಟ ಕೆಳಗಿಟ್ಟು ಯೋಚಿಸಿದರು. “ಆ ದ್ವೀಪದ ಕೊಳಚೆ ಯಾವ ಘಟಕಕ್ಕೆ ಹೋಗುತ್ತದೆ?”